ಬೆಟ್ಟದ ಕಿವಿ ತೆರೆಸಿದ ಟವರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಂಚಿನ ಬೆಟ್ಟದ ನೆತ್ತಿಯಲ್ಲಿ ನಿಂತ ಕಬ್ಬಿಣದ ಟವರಿನ ಮುಕ್ಕಾಲು ಎತ್ತರದಲ್ಲಿ ಒಬ್ಬ ಹೆಂಗಸು ಹತ್ತುತ್ತಿದ್ದಾರೆ. ಒಂದು ಕೊಕ್ಕೆಯನ್ನು ಮೇಲಿನ ಅಡ್ಡಪಟ್ಟಿಗೆ ಸಿಕ್ಕಿಸುತ್ತಾರೆ, ಜಗ್ಗಿ ನೋಡುತ್ತಾರೆ, ಆಮೇಲೇ ಕೆಳಗಿನ ಕೊಕ್ಕೆಯನ್ನು ಕಳಚುತ್ತಾರೆ. ನೆಲದ ಮೇಲೆ ನಿಂತು ನೋಡುವವರ ಅಂಗಾಲು ಜುಮ್ಮೆನ್ನುತ್ತದೆ. ಅವರು ಮಾತ್ರ ಅಡುಗೆಮನೆಯ ಅಟ್ಟದಿಂದ ಡಬ್ಬಿ ಇಳಿಸುವಷ್ಟೇ ನಿರಾಳ.

ಗಾಳಿ ಏಳುವ ಮುಂಚೆ ಹತ್ತಿ ಇಳಿದುಬಿಡಬೇಕು ಎಂಬುದು ಅವರ ಕಟ್ಟುಪಾಡು. "ಬಿಸಿಲೇರಿದ ಮೇಲೆ ಗಾಳಿಗೆ ಸೊಕ್ಕು ಬರತ್ತೆ. ಅದರ ಜೊತೆ ಜಗಳಕ್ಕೆ ನಿಲ್ಲೋಕೆ ನಂಗೇನು ಹುಚ್ಚಾ?" ಎನ್ನುತ್ತಾರೆ.

ಆಂಬುಲೆನ್ಸಿನವರು, ಬೆಂಕಿ ಆರಿಸುವವರು, ನೀರಿನ ಇಲಾಖೆಯವರು ಎಲ್ಲರಿಗೂ ಇವರು ಟವರಕ್ಕ. ಊರಿನ ತುರ್ತು ಸೇವೆಗಳ ವೈರ್‌ಲೆಸ್ ಜಾಲವನ್ನು ಕಾಯುವುದು ಅವರ ಕೆಲಸ. ಕೈಯಲ್ಲಿ ಹಿಡಿಯುವ ಸೆಟ್ಟಿನ ದನಿ ಕ್ಷೀಣ. ಅದಾಗಿಯೇ ಬೆಟ್ಟ ದಾಟಲಾರದು. ಅದನ್ನು ಮೇಲೆ ಕೇಳಿಸಿಕೊಂಡು, ಜೋರಾಗಿ ಊರಿಗೆಲ್ಲ ಮರಳಿ ಹೇಳುವ ಯಂತ್ರವೇ ರಿಪೀಟರ್. ಟವರಿನ ಬುಡದ ಚಿಕ್ಕ ಕೋಣೆಯಲ್ಲಿ ಅಂಥ ಯಂತ್ರಗಳು ಸಾಲಾಗಿ ಕೂತು ಗುಂಯ್‌ಗುಡುತ್ತಿವೆ. ಇಷ್ಟೊಂದು ಇಲಾಖೆಗಳಿಗೆ ಇರುವುದು ಕೆಲವೇ ಚಾನೆಲ್. ಯಾರಾದರೂ ಗುಂಡಿ ಒತ್ತಿದರೆ ಸೆಟ್ಟು ಮೊದಲು ಮೌನವಾಗಿ ಅಪ್ಪಣೆ ಕೇಳುತ್ತದೆ, ಬೆಟ್ಟದ ಯಂತ್ರ ಖಾಲಿ ಇರುವ ಚಾನೆಲ್ ಹುಡುಕಿ ಕೊಡುತ್ತದೆ.

"ವಠಾರದ ನಲ್ಲಿ ಇದ್ದ ಹಾಗೆ," ಎಂದು ಟವರಕ್ಕ ಬಿಡಿಸಿ ಹೇಳುತ್ತಾರೆ. "ನಲ್ಲಿ ನಾಲ್ಕು, ಮನೆ ನಲವತ್ತು. ಯಾರಿಗೆ ಯಾವ ನಲ್ಲಿ ಅಂತ ಹೇಳೋಕೆ ಒಬ್ಬರು ದೊಡ್ಡಮ್ಮ ಕೂತಿರ್ತಾರೆ. ದೊಡ್ಡಮ್ಮಂಗೆ ಕಿವಿ ಕೇಳಿಸ್ಲಿಲ್ಲ ಅಂದ್ರೆ ಬಿಂದಿಗೆ ಹಿಡ್ಕೊಂಡು ನಿಂತೇ ಇರ್ಬೇಕು."

ಹಳೆಯ ರಿಪೀಟರುಗಳನ್ನು ತೆಗೆದು ಹೊಸವನ್ನು ಕೂರಿಸಿದ ವರ್ಷ ಆದದ್ದು ಸರಿಸುಮಾರು ಅದೇ. ಹೊಸ ಯಂತ್ರಗಳ ದನಿ ಹಳೆಯವಕ್ಕಿಂತ ಖಣಿಖಣಿ. ಬೆಟ್ಟದ ಹಿಂದಿನ ಕಣಿವೆಯಲ್ಲೂ ಸೆಟ್ಟಿನ ಪರದೆ ಮೇಲೆ ಸಿಗ್ನಲ್ಲಿನ ಗೆರೆಗಳು ತುಂಬಿ ನಿಲ್ಲುತ್ತಿದ್ದವು. ಎಲ್ಲರೂ ಬೆನ್ನು ತಟ್ಟಿಕೊಂಡರು. ಮೂರ್ನಾಲ್ಕು ವಾರಗಳಲ್ಲಿ ಒಂದೊಂದೇ ದೂರು ಬರತೊಡಗಿತು. ಕಣಿವೆಯಲ್ಲಿ ಗುಂಡಿ ಒತ್ತಿದರೆ ಬೊಂಯ್ ಎಂಬ ಮೊಂಡು ಸದ್ದು ಬರುತ್ತದೆ, ಚಾನೆಲ್ ಸಿಗುವುದಿಲ್ಲ ಎಂದು.

ಅಷ್ಟರಲ್ಲೇ ಒಂದು ಮಧ್ಯಾಹ್ನ ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದ ಆಂಬುಲೆನ್ಸು ಅದೇ ಕಣಿವೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ಲಾರಿಯೊಂದು ಅಡ್ಡ ಮಗುಚಿ ರಸ್ತೆ ಮುಚ್ಚಿತ್ತು. ಅಲ್ಲಿ ಮೊಬೈಲ್ ಎಂದೂ ಸಿಗದು. ಒಳಗೆ ಮಗು ಹುಟ್ಟಿತು, ತಾಯಿಗೆ ರಕ್ತ ನಿಲ್ಲಲಿಲ್ಲ. ನರ್ಸು ಒಂದು ಕೈಯಲ್ಲಿ ತಾಯಿಯ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಸೆಟ್ಟಿನ ಗುಂಡಿ ಒತ್ತುತ್ತಲೇ ಇದ್ದರು.

"ಕಂಟ್ರೋಲ್ ರೂಮಿನವರು ಎಲ್ಲಿದ್ದೀರಿ, ಎಲ್ಲಿದ್ದೀರಿ ಅಂತ ಕೇಳ್ತಾನೇ ಇದ್ರು. ಪಕ್ಕದಲ್ಲೇ ಕೂತು ಕೇಳಿದಷ್ಟು ಸ್ಪಷ್ಟ. ನಾನು ಕೂಗಿದ್ದು ಮಾತ್ರ ಅವರಿಗೆ ಮುಟ್ಲಿಲ್ಲ," ಎಂದು ನರ್ಸು ಈಗಲೂ ಆ ಗಳಿಗೆ ನೆನೆಯುತ್ತಾರೆ. ಕೊನೆಗೆ ಚಾಲಕ ಸೆಟ್ಟು ಹಿಡಿದು ಏರಿನ ಕಡೆ ಓಡಿದ. ಗುಡ್ಡದ ತಿರುವಿನಲ್ಲಿ ಅವನಿಗೆ ಚಾನೆಲ್ ಸಿಕ್ಕಿತು. ಆಚೆ ಬದಿಯಿಂದ ಇನ್ನೊಂದು ಗಾಡಿ ಬಂತು. ತಾಯಿ, ಮಗು ಇಬ್ಬರೂ ಬದುಕಿದರು, ಕೂದಲೆಳೆಯಲ್ಲಿ.

ಮರುದಿನ ಟವರಕ್ಕ ತಾವಾಗಿಯೇ ಆಸ್ಪತ್ರೆಗೆ ಹೋಗಿ ನರ್ಸಿನ ಎದುರು ಕೂತರು. ಯಾವ ತಿರುವು, ಎಂಥ ಸದ್ದು, ಕಂಟ್ರೋಲ್ ರೂಮಿನವರ ಮಾತು ಒಡೆದು ಬರುತ್ತಿತ್ತೋ ಪೂರ್ತಿ ಬರುತ್ತಿತ್ತೋ ಎಂದು ಕೆದಕಿ ಕೆದಕಿ ಕೇಳಿದರು. ಪೂರ್ತಿ ಬರುತ್ತಿತ್ತು ಎಂದು ನರ್ಸು ಹೇಳಿದ್ದೇ ಟವರಕ್ಕನಿಗೆ ಸುಳಿವಾಯಿತು. "ಆಗಲೇ ಅನ್ನಿಸ್ತು. ಬೆಟ್ಟದ ಬಾಯಿ ದೊಡ್ಡದಾಗಿದೆ, ಕಿವಿ ಮಂದವಾಗಿದೆ. ಸೆಟ್ಟಿನ ಗೆರೆ ನೋಡ್ಕೊಂಡು ನಾವೆಲ್ಲ ಹಿಗ್ಗಿದ್ವಲ್ಲ, ಆ ಗೆರೆ ತೋರ್ಸೋದು ಬೆಟ್ಟದ ಬಾಯಿನ ಮಾತ್ರ."

ಕಿವಿ ಮಂದವಾದರೆ ಏನಾಗುತ್ತದೆಂಬುದು ಅವರಿಗೆ ಮನೆಯಲ್ಲೇ ಗೊತ್ತು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅತ್ತೆಗೆ ಕಿವಿ ದೂರ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಅದನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಇಟ್ಟಿದ್ದಾರೆ. ಸೊಸೆ ಊರಿನವರ ಟಿವಿ ರಿಪೇರಿ ಮಾಡುತ್ತಾಳೆ ಎಂದೇ ಆ ಹಿರಿಯರ ನಂಬಿಕೆ. ಗಂಡ ಬೇಕರಿಯ ಒಲೆ ಮುಂದೆ ರಾತ್ರಿಪಾಳಿ ಮುಗಿಸಿ ಬಂದು, ಹೆಂಡತಿಗೆ ಬುತ್ತಿ ಕಟ್ಟಿ ಮಲಗುತ್ತಾರೆ. "ನಾನು ಬರೋದು, ಇವಳು ಹೋಗೋದು. ಜಗಳಕ್ಕೆ ಪುರುಸೊತ್ತೇ ಸಿಕ್ಕಿಲ್ಲ," ಎಂದು ಅವರು ನಗುತ್ತಾರೆ.

ಎತ್ತರದ ಹೆದರಿಕೆ ಟವರಕ್ಕನಿಗೆ ಹುಟ್ಟಿನಿಂದಲೇ ಇಲ್ಲ. ಅಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಮಗಳನ್ನು ಮೇಲಿನ ಗೂಡಿನಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ರೇಡಿಯೊ ತರಬೇತಿ ಮುಗಿಸಿ ಕೆಲಸಕ್ಕೆ ಬಂದಾಗ ಇಲಾಖೆಯಲ್ಲಿದ್ದ ರಕ್ಷಣಾ ಪಟ್ಟಿಗಳೆಲ್ಲ ಗಂಡಸರ ಅಳತೆಯವು. ತಮ್ಮ ಅಳತೆಯದು ಬರುವವರೆಗೆ ಒಂದು ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಪಟ್ಟು ಹಿಡಿದು ಕೂತರು. ಬಹಳ ಮಂದಿ ನಕ್ಕರು. ಪಟ್ಟಿ ಬಂತು, ಹತ್ತಿದರು.

ಕಿವಿ ಮಂದವಾಗಿದೆ ಎಂದು ತಿಳಿಯುವುದು ಒಂದು, ಏಕೆಂದು ಹುಡುಕುವುದು ಇನ್ನೊಂದು. ಅವರು ಮೊದಲು ಗುಮಾನಿಪಟ್ಟದ್ದು ಆಂಟೆನಾ ಮೇಲೆ. ಬೆಸುಗೆ, ಕೇಬಲ್ ಕೂಡುವ ಜಾಗಗಳನ್ನೆಲ್ಲ ಬಿಚ್ಚಿ, ಒರೆಸಿ, ಹೊಸದು ಹಾಕಿದರು. ಪ್ರಯೋಜನವಾಗಲಿಲ್ಲ. ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್ ಯುವಕನೂ ಊಟ ನಿದ್ದೆ ಬಿಟ್ಟು ಕೂತ. ರಿಪೀಟರಿನ ಶಕ್ತಿ ಇನ್ನಷ್ಟು ಏರಿಸಿ ಎಂದು ಮೇಲಿನವರು ಒತ್ತಾಯ ಮಾಡಿದಾಗ, ಕಿವುಡರ ಬಾಯಿಗೆ ಮೈಕು ಕೊಟ್ಟು ಉಪಯೋಗವಿಲ್ಲ ಎಂದು ಖಡಕ್ಕಾಗಿ ಹೇಳಿದವನು ಅವನೇ.

ಇಬ್ಬರೂ ಮಾತಾಡಿಕೊಂಡು ಒಂದು ಬೆಳಗ್ಗೆ ಕೆಲಸ ಹಂಚಿಕೊಂಡರು. ಅವನು ಕೆಳಗಿನ ಕೋಣೆಯಲ್ಲಿ ಮೀಟರ್ ಮುಂದೆ ಕೂತ. ಅವರು ಸಣ್ಣ ಸಿಗ್ನಲ್ ಹುಟ್ಟಿಸುವ ಪೆಟ್ಟಿಗೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಟವರ್ ಹತ್ತಿದರು. ಕೇಬಲ್ಲಿನ ಒಂದೊಂದು ಕೂಡುಜಾಗದಿಂದ ಸಿಗ್ನಲ್ ಬಿಡುತ್ತ ಬಂದರು. ದನಿ ಕೇಳಿಸಿಕೊಳ್ಳುವ ಆಂಟೆನಾದ ಬುಡದಲ್ಲಿ ಒಂದು ಬೂದು ಡಬ್ಬಿಯಿತ್ತು. ಡಬ್ಬಿಯ ಕೆಳಗಿನಿಂದ ಬಿಟ್ಟ ಸಿಗ್ನಲ್ ಕೋಣೆಗೆ ಸರಿಯಾಗಿ ಮುಟ್ಟಿತು. ಡಬ್ಬಿಯ ಮೇಲಿನಿಂದ ಬಿಟ್ಟದ್ದು ದಾರಿಯಲ್ಲೇ ಸತ್ತಿತು.

ಎಷ್ಟೋ ವರ್ಷದಿಂದ ಅಲ್ಲೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳದಂತಾಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಕೆಳಗಿನಿಂದ ಬರುವ ಕ್ಷೀಣ ದನಿಯನ್ನು ಮೇಲೆಯೇ ಹಿಡಿದು ಬಲಪಡಿಸಿ ಕೇಬಲ್ಲಿಗೆ ಇಳಿಸುವ ಡಬ್ಬಿ ಅದು; ಕಣಿವೆಗಾಗಿಯೇ ಹಳೆಯ ತಂತ್ರಜ್ಞರೊಬ್ಬರು ಕಟ್ಟಿಹೋಗಿದ್ದರು. ಟವರಕ್ಕ ಕೈಗವಸು ತೆಗೆದು ಅದರ ಮೇಲೆ ಅಂಗೈ ಇಟ್ಟರು. ಜೀವವಿದ್ದರೆ ಸ್ವಲ್ಪವಾದರೂ ಬೆಚ್ಚಗಿರಬೇಕಿತ್ತು.

"ತಣ್ಣಗಿದೆಯಪ್ಪಾ," ಎಂದರು ಸೆಟ್ಟಿನಲ್ಲಿ.

ಕೆಳಗಿನಿಂದ ಯುವಕ ಕೇಳಿದ, "ಅಕ್ಕಾ, ಅದಕ್ಕೆ ಕರೆಂಟ್ ಎಲ್ಲಿಂದ ಹೋಗ್ತಿತ್ತು?"

ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ಡಬ್ಬಿಗೆ ಬೇರೆ ತಂತಿಯಿರಲಿಲ್ಲ. ಹಳೆಯ ಯಂತ್ರಗಳೇ ಅದೇ ಕೇಬಲ್ಲಿನೊಳಗೆ ಕರೆಂಟನ್ನೂ ಮೇಲಕ್ಕೆ ಕಳಿಸುತ್ತಿದ್ದವು. ಹೊಸವು ಕಳಿಸುತ್ತಿರಲಿಲ್ಲ, ಕಳಿಸಬೇಕೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಅನ್ನ ನೀರಿಲ್ಲದ ಡಬ್ಬಿ ದನಿಯನ್ನು ಬಲಪಡಿಸುವುದಿರಲಿ, ಬಂದದ್ದನ್ನೂ ನುಂಗುತ್ತಿತ್ತು. ಯುವಕ ಕೇಬಲ್ಲಿಗೆ ಕರೆಂಟ್ ಸೇರಿಸುವ ಭಾಗವನ್ನು ಅಂದೇ ಜೋಡಿಸಿದ. ಟವರಕ್ಕ ಡಬ್ಬಿಯ ಮೇಲೆ ಕೈಯಿಟ್ಟು ಕಾದರು. ಮೆಲ್ಲಗೆ, ಗೂಡಿನ ಮೊಟ್ಟೆಯ ಹಾಗೆ, ಅದು ಬೆಚ್ಚಗಾಯಿತು.

ಆದರೂ ಅವರು ಕೆಲಸ ಮುಗಿಯಿತು ಎನ್ನಲಿಲ್ಲ. ನರ್ಸಿಗೇ ಹೇಳಿಕಳಿಸಿದರು. ಅದೇ ಆಂಬುಲೆನ್ಸು, ಅದೇ ಚಾಲಕ, ಕಣಿವೆಯ ಅದೇ ಜಾಗ. ಬೆಟ್ಟದ ಕೋಣೆಯಲ್ಲಿ ಟವರಕ್ಕ ಮತ್ತು ಎಂಜಿನಿಯರ್ ಉಸಿರು ಬಿಗಿಹಿಡಿದು ನಿಂತಿದ್ದರು. ಕಣಿವೆಯಲ್ಲಿ ನರ್ಸು ಗುಂಡಿ ಒತ್ತಿದರು, ಅವರ ಸೆಟ್ಟು ಟಿಣ್ ಎಂದಿತು. ಚಾನೆಲ್ ಸಿಕ್ಕಿತ್ತು. ನರ್ಸು ತಾವು ನಿಂತ ಜಾಗ ಹೇಳಿ, "ಕೇಳಿಸ್ತಿದೆಯಾ?" ಎಂದರು.

ಟವರಕ್ಕ ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದರು. "ಕೇಳಿಸ್ತಿದೆ, ತಾಯಿ. ನೀವು ಉಸಿರಾಡೋದೂ ಕೇಳಿಸ್ತಿದೆ," ಎಂದರು.

ಅಂದಿನಿಂದ ಹೊಸ ಯಂತ್ರ ಯಾವುದೇ ಬರಲಿ, ಊರಿನ ಒಂದೊಂದು ತಗ್ಗಿಗೂ ಹೋಗಿ, ಕೇಳಿಸುತ್ತದೆಯೇ ಎಂಬುದಲ್ಲ, ತಮ್ಮ ಮಾತು ಮುಟ್ಟುತ್ತದೆಯೇ ಎಂದು ನೋಡಿಯೇ ಹಳೆಯದನ್ನು ಬಿಚ್ಚುತ್ತಾರೆ. ಇಡೀ ಊರು ಮಲಗಿ ಏಳುವುದು ಇವರು ಕಾಯುವ ಆ ಕಿವಿಯ ನಂಬಿಕೆಯ ಮೇಲೆ. ಊರಿಗೆ ಅದು ಗೊತ್ತಿಲ್ಲ.

ಇವತ್ತಿನ ತಪಾಸಣೆ ಮುಗಿಸಿ ಇಳಿದವರು ಮೊದಲು ನೀರಿನ ಬಾಟಲಿಗೆ ಕೈ ಹಾಕುತ್ತಾರೆ, ಗಂಟಲು ಒದ್ದೆಯಾಗುವಷ್ಟೇ ಕುಡಿದು ಮುಚ್ಚಿಡುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಸಂಕೋಚದಿಂದ ಸುತ್ತ ನೋಡಿ ಹೇಳುತ್ತಾರೆ: "ಈ ಬೆಟ್ಟದ ಮೇಲೆ ಒಂದು ಕಕ್ಕಸು ಕಟ್ಟಿಸ್ಲಿ. ಇಷ್ಟು ವರ್ಷ ನೀರು ಕುಡೀದೆ ಕೆಲಸ ಮಾಡಿದೀನಿ. ನನ್ನ ನಂತರ ಬರೋ ಹೆಣ್ಮಕ್ಕಳಿಗೆ ಅದು ಬೇಡ. ಉಳಿದದ್ದಕ್ಕೆ ನಾನಿದ್ದೀನಲ್ಲ."