ಈ ಸೈರನ್ ನಿಮಗಲ್ಲ, ಅಕ್ಕ

ತಲೆ ಎಣಿಸುವುದು ನನ್ನ ಕೆಲಸ. ಐದು ಮಹಡಿಯ ಸರ್ಕಾರಿ ಕಚೇರಿ, ಒಂದು ಲಿಫ್ಟು, ಎರಡು ಕಡೆ ಮೆಟ್ಟಿಲು, ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರುಗಳು, ಮರಳು ತುಂಬಿದ ಬಕೆಟ್ಟುಗಳು. ಆ ಬಕೆಟ್ಟುಗಳಲ್ಲಿ ಮರಳಿಗಿಂತ ಟೀ ಕುಡಿದು ಎಸೆದ ಕಪ್ಪುಗಳೇ ಜಾಸ್ತಿ. ನಾನು ಅಲ್ಲಿ ಭದ್ರತಾ ಸೂಪರ್‌ವೈಸರ್. ಕೊರಳಲ್ಲಿ ಸದಾ ವಿಷಲ್ ನೇತಾಡುತ್ತಿದ್ದುದರಿಂದ ಇಡೀ ಕಚೇರಿ ನನ್ನ ಬೆನ್ನ ಹಿಂದೆ ನನ್ನನ್ನು ಪೀಪಿ ಎನ್ನುತ್ತಿತ್ತು. ಎದುರಿಗೇ ಅನ್ನುವ ಧೈರ್ಯ ಇದ್ದದ್ದು ಒಬ್ಬರಿಗೆ ಮಾತ್ರ. ಇದು ಅವರ ಕಥೆ, ಮತ್ತು ನಾನು ಅವರಿಗೆ ಮಾಡಿದ ಅನ್ಯಾಯದ ಕಥೆ.

ಅವರು ನಾಲ್ಕನೇ ಮಹಡಿಯ ರೆಕಾರ್ಡ್ ರೂಮಿನವರು. ಎಲ್ಲರ ಬಾಯಲ್ಲೂ ಫೈಲಕ್ಕ. ಮೂವತ್ತೊಂದು ವರ್ಷ ಅದೇ ಕೋಣೆ, ಅದೇ ದೂಳು, ಅದೇ ಕಿಟಕಿ. ಯಾವ ಕಡತ ಯಾವ ರ‍್ಯಾಕಿನಲ್ಲಿ, ಯಾವ ಕಟ್ಟಿನ ಕೆಳಗೆ ಇದೆ ಎಂಬುದಕ್ಕೆ ಪಟ್ಟಿಯೇನೋ ಇತ್ತು, ಆದರೆ ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಅವರನ್ನು ಕೇಳಿದರೆ ಸಾಕಿತ್ತು. ಬಾಯಿ ಮಾತ್ರ ಬಲು ಜೋರು. ಕಿವಿ ಅದಕ್ಕಿಂತ ಚುರುಕು. ಎರಡು ಸಾಲು ರ‍್ಯಾಕಿನಾಚೆ ಯಾರಾದರೂ ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರೆ ಕೂತಲ್ಲಿಂದಲೇ, "ನಿಮ್ಮ ಎಂಜಲು ನಿಮ್ಮ ಮನೇಲಿ ಇಟ್ಕೊಳ್ಳಿ" ಎಂದು ಗದರುತ್ತಿದ್ದರು. ನೋಡದೆ ಹೇಗೆ ಗೊತ್ತಾಯಿತು ಎಂದರೆ, "ಒಣ ಬೆರಳಿನ ಸದ್ದೇ ಬೇರೆ" ಎನ್ನುತ್ತಿದ್ದರು. ಈ ಕಿವಿಯ ಮಾತು ನೆನಪಿಟ್ಟುಕೊಳ್ಳಿ.

ನಮ್ಮಪ್ಪ ಅದೇ ಇಲಾಖೆಯಲ್ಲಿ ಡ್ರೈವರ್ ಆಗಿದ್ದವರು. ಅವರು ಹೋದ ಮೇಲೆ ಸೇವಾ ಪುಸ್ತಕ ಸಿಗದೆ ಅಮ್ಮ ಎರಡು ವರ್ಷ ಮೆಟ್ಟಿಲು ಹತ್ತಿ ಇಳಿದಳು. ಕೊನೆಗೆ ಹುಡುಕಿ ಕೊಟ್ಟವರು ಫೈಲಕ್ಕ. ಅವರು ಏಣಿಯಿಂದ ಬಿದ್ದು ಎಡ ಮೊಣಕಾಲು ಮಡಚಲಾರದಂತಾಗಿದ್ದ ಹೊಸತು ಅದು. ಕೋಲೂರಿಕೊಂಡು ಮೂರು ವಾರ ಹುಡುಕಿ, ಗೆದ್ದಲು ತಿಂದ ಅಂಚುಗಳಿಗೆ ಹಾಳೆ ಅಂಟಿಸಿ ಅಮ್ಮನ ಕೈಗಿಟ್ಟರು. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ಅದನ್ನು ಮಾಡಿದವನು ನಾನೇ.

ವರ್ಷಕ್ಕೆರಡು ಸಲ ನಮ್ಮಲ್ಲಿ ಡ್ರಿಲ್. ಸೈರನ್ ಕೂಗಬೇಕು, ಲಿಫ್ಟ್ ನಿಲ್ಲಬೇಕು, ಎಲ್ಲರೂ ಮೆಟ್ಟಿಲಿಳಿದು ಸ್ಕೂಟರ್ ಸ್ಟ್ಯಾಂಡಿನ ಪಕ್ಕದ ಖಾಲಿ ಜಾಗದಲ್ಲಿ ಸೇರಬೇಕು. ಏಳು ನಿಮಿಷದೊಳಗೆ ಕಟ್ಟಡ ಖಾಲಿಯಾಗಬೇಕು. ನಾನು ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಬೇಕು. ನಾನು ಸೂಪರ್‌ವೈಸರ್ ಆದ ಮೊದಲ ಡ್ರಿಲ್‌ನಲ್ಲಿ ಫೈಲಕ್ಕ ಎಲ್ಲರಂತೆ ಇಳಿಯಲು ಹೊರಟರು. ಒಂದೊಂದೇ ಮೆಟ್ಟಿಲು, ಕೋಲು ಮೊದಲು, ಕಾಲು ಆಮೇಲೆ. ಅವರ ಹಿಂದೆ ಎರಡು ಮಹಡಿಯ ಜನ ಗುಂಪುಗಟ್ಟಿ ನಿಂತರು. ಹದಿಮೂರು ನಿಮಿಷ ಆಯಿತು. ತಪಾಸಣೆಗೆ ಬಂದಿದ್ದ ಅಧಿಕಾರಿ 'ಅತೃಪ್ತಿಕರ' ಎಂದು ಬರೆದು ಹೋದರು. ದೊಡ್ಡ ಸಾಹೇಬರು ನನ್ನನ್ನು ಕರೆದು, ಎಲ್ಲರ ಮುಂದೆ, ಬೆವರಿಳಿಸಿದರು.

ಮುಂದಿನ ಸಲ ನಾನು ಡ್ರಿಲ್‌ಗೆ ಅರ್ಧ ಗಂಟೆ ಮುಂಚೆಯೇ ಮೇಲೆ ಹೋದೆ.

"ಅಕ್ಕ, ಇವತ್ತು ಸೈರನ್ ಆಗುತ್ತೆ. ಅದು ನಿಮಗಲ್ಲ. ನೀವು ಆರಾಮಾಗಿ ಕೂತ್ಕೊಳ್ಳಿ."

"ಮತ್ತೆ ನಿನ್ನ ಲೆಕ್ಕ?"

"ಲೆಕ್ಕ ನಾನು ನೋಡ್ಕೋತೀನಿ."

"ಹಂಗಾದ್ರೆ ನಾನು ಇಲ್ಲೂ ಇರ್ತೀನಿ, ಅಲ್ಲೂ ಇರ್ತೀನಿ. ದೇವರಾದೆ ಬಿಡು" ಎಂದು ನಕ್ಕರು.

ಆ ಸಲ ಆರು ನಿಮಿಷ ನಲವತ್ತು ಸೆಕೆಂಡು. ಕೆಳಗೆ ಸೇರಿದವರನ್ನು ಎಣಿಸಿ, ಬಂದ ಸಂಖ್ಯೆಗೆ ಒಂದು ಸೇರಿಸಿ ಬರೆದೆ. ಸಾಹೇಬರು ಬೆನ್ನು ತಟ್ಟಿದರು. ಅಲ್ಲಿಂದ ಒಂಬತ್ತು ವರ್ಷ ಇದೇ ಪದ್ಧತಿ. ಡ್ರಿಲ್‌ಗೆ ಮುಂಚೆ ಮೇಲೆ ಹೋಗಿ ಹೇಳುವುದು, ಕೆಳಗೆ ಒಂದು ಸೇರಿಸಿ ಬರೆಯುವುದು. ನಾಲ್ಕನೇ ಮಹಡಿಯವರೂ ಅವರನ್ನು ಕರೆಯುವುದನ್ನು ಬಿಟ್ಟರು. ಫೈಲಕ್ಕ ಕಿಟಕಿಯಲ್ಲಿ ನಿಂತು ನಮ್ಮತ್ತ ಕೈ ಬೀಸುತ್ತಿದ್ದರು, ಕೆಳಗಿನವರೂ ಬೀಸುತ್ತಿದ್ದರು, ನಾನು ವಿಷಲ್ ಊದಿ ಮುಗಿಸುತ್ತಿದ್ದೆ. ನಡುವೆ ಇಲಾಖೆಯಿಂದ ಒಂದು ಗಾಲಿ ಕುರ್ಚಿಯೂ ಬಂತು. ನಡೆಯಲಾಗದವರನ್ನು ಮೆಟ್ಟಿಲಿನ ಮೇಲೆ ಜಾರಿಸಿಕೊಂಡು ಇಳಿಸುವ ಕುರ್ಚಿ. ಗಲೀಜಾಗದಿರಲಿ ಎಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಸ್ಟೋರಿನಲ್ಲಿಟ್ಟು ಬೀಗ ಹಾಕಿದೆ. ನನ್ನಂಥ ಮುಠ್ಠಾಳ ಇನ್ನೊಬ್ಬ ಇರಲಾರ.

ನಿಜವಾದ ಬೆಂಕಿ ಬಿದ್ದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಎರಡನೇ ಮಹಡಿಯ ಎಲೆಕ್ಟ್ರಿಕ್ ಪ್ಯಾನೆಲ್ ಕೋಣೆಯಲ್ಲಿ ಹತ್ತಿಕೊಂಡಿತು. ವೈರುಗಳು ಹೋಗುವ ಸಂದಿಯಲ್ಲಿ ಹೊಗೆ ಮೇಲಕ್ಕೇರಿತು. ಸೈರನ್ ಕೂಗಿತು. ಜನ ಇಳಿದ ರೀತಿ ನೋಡಿ ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ನೂಕಾಟವಿಲ್ಲ, ಕಿರುಚಾಟವಿಲ್ಲ. ರಜೆಯವರನ್ನು ಬಿಟ್ಟರೆ ಅಂದು ಕಟ್ಟಡದಲ್ಲಿದ್ದವರು ಇನ್ನೂರ ತೊಂಬತ್ತು ಜನ. ಎಣಿಸಿದೆ. ಇನ್ನೂರ ಎಂಬತ್ತೊಂಬತ್ತು. ಕೈ ತಾನಾಗಿಯೇ ಇನ್ನೂರ ತೊಂಬತ್ತು ಎಂದು ಬರೆಯಿತು.

ಅಗ್ನಿಶಾಮಕದ ಮುಖ್ಯಸ್ಥರು ಗಾಡಿಯಿಂದ ಇಳಿಯುತ್ತಲೇ ಕೇಳಿದರು, "ಒಳಗೆ ಯಾರಾದ್ರೂ ಇದ್ದಾರಾ?"

"ಇಲ್ಲ ಸಾರ್. ಎಲ್ಲರೂ ಇಳಿದಿದ್ದಾರೆ."

ಅವರು ತಮ್ಮ ಜನರನ್ನೆಲ್ಲ ಎರಡನೇ ಮಹಡಿಗೆ ಕಳಿಸಿದರು. ಮೇಲೆ ಹೋಗುವ ಅಗತ್ಯ ಅವರಿಗೇನಿತ್ತು, ನಾನೇ ಹೇಳಿದ್ದೆನಲ್ಲ.

ಸ್ವಲ್ಪ ಹೊತ್ತಿಗೆ ನಾಲ್ಕನೇ ಮಹಡಿಯ ಟೈಪಿಸ್ಟ್ ಅಭ್ಯಾಸದಂತೆ ತಲೆ ಎತ್ತಿ ಕೈ ಬೀಸಲು ಹೋದಳು. ಅವಳ ಕೈ ಅರ್ಧದಲ್ಲೇ ನಿಂತಿತು. "ಕಿಟಕೀಲಿ ಅಕ್ಕ ಇಲ್ಲ" ಎಂದಳು. ನಾನೂ ನೋಡಿದೆ. ಗಾಜಿನ ಹಿಂದೆ ಬರೀ ಬೂದು ಬಣ್ಣ.

ಈಗ ಹೇಳುವುದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ನಾನು ಕೂಗಲಿಲ್ಲ. ಮತ್ತೊಮ್ಮೆ ಎಣಿಸಲು ಶುರು ಮಾಡಿದೆ. ಒಂದು, ಎರಡು, ಮೂರು ಎಂದು, ತಪ್ಪು ಎಣಿಕೆಯದೇ ಇರಬಹುದು ಎಂಬಂತೆ. ಒಬ್ಬರು ಮೇಲಿದ್ದಾರೆ ಎಂದು ಕೂಗಿದರೆ ಒಂಬತ್ತು ವರ್ಷದ ರಿಜಿಸ್ಟರ್ ಬಯಲಾಗುತ್ತದೆ ಎಂಬ ಯೋಚನೆ ನನಗೆ ಬಂತು. ಅಕ್ಕ ಹೊಗೆಯಲ್ಲಿ ಕೂತಿದ್ದಾಗ ನಾನು ರಿಜಿಸ್ಟರಿನ ಯೋಚನೆ ಮಾಡಿದೆ. ನಲವತ್ತರವರೆಗೆ ಎಣಿಸಿದ ನೆನಪಿದೆ. ಆಮೇಲೆ ಓಡಿಹೋಗಿ ಹೇಳಿದೆ.

ಫೈಲಕ್ಕನನ್ನು ಅಗ್ನಿಶಾಮಕದವನೊಬ್ಬ ಬೆನ್ನ ಮೇಲೆ ಹೊತ್ತು ತಂದ. ಪ್ರಜ್ಞೆ ಇರಲಿಲ್ಲ. ಬಲಗೈ ಮಾತ್ರ ಕೋಲನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಬದುಕಿದರು. ಆದರೆ ಎರಡು ವಾಕ್ಯಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು, ಆ ಜೋರು ಬಾಯಿ ಅಲ್ಲಿಗೆ ಮುಗಿಯಿತು.

ವಿಚಾರಣಾಧಿಕಾರಿ ಆಸ್ಪತ್ರೆಗೇ ಬಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡು ನೋಡುವ ಹಾಗೆ ನಾನು ಮಂಚದ ಕಾಲ ಹತ್ತಿರ ನಿಂತು ಷರ್ಟಿನ ಗುಂಡಿ ಮುಟ್ಟಿಕೊಳ್ಳುತ್ತಿದ್ದೆ.

"ಎಲ್ಲರೂ ಇಳಿದ್ರು. ನೀವ್ಯಾಕೆ ಇಳೀಲಿಲ್ಲಮ್ಮ?"

ಫೈಲಕ್ಕ ನನ್ನ ಕಡೆ ಒಮ್ಮೆ ನೋಡಿದರು. "ಸೈರನ್ ಕೇಳಿಸ್ಲಿಲ್ಲ ಸಾರ್" ಎಂದರು.

ನಾನು ಬಾಯಿಗೆ ಬೀಗ ಹಾಕಿಕೊಂಡೆ.

ವರದಿ ಬಂತು. ಸದರಿ ನೌಕರರಿಗೆ ಶ್ರವಣ ದೋಷ. ಸೂಪರ್‌ವೈಸರ್ ಸಮಯಕ್ಕೆ ಸರಿಯಾಗಿ ಗಮನಿಸಿ ಜೀವ ಉಳಿಸಿದ್ದಾರೆ. ನನಗೊಂದು ಪ್ರಶಂಸಾಪತ್ರ, ಚೌಕಟ್ಟು ಸಮೇತ. ಅವರನ್ನು ರೆಕಾರ್ಡ್ ರೂಮಿನಿಂದ ತೆಗೆದು ಕೆಳಗಿನ ಟಪಾಲು ಕೌಂಟರಿಗೆ ಹಾಕಿದರು. ಕಿವಿ ಪರೀಕ್ಷೆ ಮಾಡಿಸಿ ನೋಡೋಣ ಎಂದು ಯಾರೂ ಅನ್ನಲಿಲ್ಲ, ಅವರೇ ಒಪ್ಪಿಕೊಂಡಿದ್ದಾರಲ್ಲ. ವರ್ಷಗಟ್ಟಲೆ ಕಿಟಕಿಗೆ ಕೈ ಬೀಸಿದವರೂ ಬಾಯಿ ಬಿಡಲಿಲ್ಲ, ಅವರನ್ನು ಮೇಲೆ ಬಿಟ್ಟು ಇಳಿದವರು ತಾವೂ ತಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ನಾನು ಆ ಎತ್ತು, ಪ್ರಶಂಸಾಪತ್ರ ಹಿಡಿದು ಫೋಟೋಗೆ ನಿಂತೆ.

ಕೆಲಸ ಬದಲಾದದ್ದನ್ನು ಅವರು ಹೇಗೋ ಸಹಿಸಿಕೊಂಡರು. ಸಹಿಸಲಾಗದ್ದು ಬೇರೆ ಇತ್ತು. ವರದಿಯನ್ನೇ ನಂಬಿ ಇಡೀ ಕಚೇರಿ ಅವರ ಕಿವಿಯ ಹತ್ತಿರ ಬಂದು ಕಿರುಚತೊಡಗಿತು. "ಅಕ್ಕಾ, ಊಟ ಆಯ್ತಾ" ಎಂಬುದನ್ನೂ ಆಚೆ ದಡದವರನ್ನು ಕರೆಯುವಂತೆ ಕೂಗುತ್ತಿದ್ದರು. ಟಪಾಲು ತಂದವರು ಕೈಸನ್ನೆ ಮಾಡುತ್ತಿದ್ದರು. ಅವರ ಎದುರಿಗೇ, ಕೇಳಿಸುವುದಿಲ್ಲವೆಂದು, ಅವರ ಬಗ್ಗೆ ಮಾತಾಡುತ್ತಿದ್ದರು. "ಮೂರು ವರ್ಷ ಇದೆ ರಿಟೈರ್ ಆಗೋಕೆ, ಹೆಂಗೋ ತಳ್ಳುತ್ತೆ ಕಿವುಡಿ" ಎಂದು ಒಬ್ಬ ಅಂದದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು. ಒಣ ಬೆರಳಿನ ಸದ್ದು ಗುರುತಿಸುತ್ತಿದ್ದ ಅವರಿಗೆ ಕೇಳಿಸದೆ ಇರುತ್ತದೆಯೇ? ಅವರು ತಲೆ ತಗ್ಗಿಸಿ ಲಕೋಟೆಗೆ ಮೊಹರು ಒತ್ತಿದರು.

ಅಂದು ಅವರ ಮುಂದೆ ಕುಳಿತೆ.

"ಅಕ್ಕ, ಯಾಕೆ ಹಂಗೆ ಹೇಳಿದ್ರಿ?"

"ನೀನು ಹೇಳಿದ್ದಕ್ಕೆ ನಾನೂ ಒಪ್ಪಿದ್ದೆನಲ್ಲೋ. ಮೆಟ್ಟಿಲು ತಪ್ಪಿದ್ರೆ ಸಾಕಿತ್ತು ನನಗೂ." ಉಸಿರೆಳೆದುಕೊಂಡರು. "ಇಬ್ಬರದ್ದೂ ತಪ್ಪು. ನಿನ್ನೊಬ್ಬನ್ನ ಹಿಡ್ಕೊಟ್ಟು ಏನು ಮಾಡ್ಲಿ?"

"ಹೊಗೆ ಬಂದಾಗಲಾದ್ರೂ ಎದ್ದು ಬರಬೇಕಿತ್ತು."

"ಸೈರನ್ ಆದಾಗ, ಪೀಪಿ ಇವತ್ತು ಮುಂಚೆ ಬಂದು ಹೇಳೋದು ಮರೆತಿದ್ದಾನೆ ಅನ್ಕೊಂಡೆ. ಹೊಗೆ ಬಂತು. ಆಗ ಗೊತ್ತಾಯ್ತು ಇದು ನಿಜ ಅಂತ. ಆದ್ರೆ ಮೆಟ್ಟಿಲು ಕತ್ತಲೆ, ಒಬ್ಬಳೇ ಇಳಿಯೋಕಾಗಲ್ಲ. ಯಾವಾಗಲೂ ಬರ್ತಾನಲ್ಲ, ಇವತ್ತೂ ಬರ್ತಾನೆ ಅಂತ ಕೂತೆ."

ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಹೋಗಿ ಪ್ರಶಂಸಾಪತ್ರವನ್ನು ಗೋಡೆಯಿಂದ ತೆಗೆದೆ. "ಯಾಕ್ರೀ?" ಎಂದ ಹೆಂಡತಿಗೆ ಮೊಳೆ ಸಡಿಲ ಎಂದೆ. ಸತ್ಯ ಹೇಳಿದರೆ ನನ್ನ ಹುದ್ದೆ ಹೋಗುತ್ತದೆ. ಹೇಳದಿದ್ದರೆ ಅವರು ಮೂರು ವರ್ಷ ಕಿವುಡಿಯಾಗಿ ಬದುಕಿ, ಕಿವುಡಿಯಾಗಿಯೇ ನಿವೃತ್ತರಾಗುತ್ತಾರೆ. ಇದರಲ್ಲಿ ಯೋಚಿಸಲು ಏನಿದೆ ಎಂದು ನೀವು ಕೇಳಬಹುದು. ನಾನು ಎರಡು ತಿಂಗಳು ಯೋಚಿಸಿದೆ.

ಬೆಂಕಿಯಾದ ಮೇಲಿನ ಮೊದಲ ಡ್ರಿಲ್. ಎಲ್ಲರೂ ಸ್ಕೂಟರ್ ಸ್ಟ್ಯಾಂಡಿನ ಪಕ್ಕ ಸೇರಿದ್ದರು. ಫೈಲಕ್ಕ ಈಗ ಕೆಳಗಿನವರು, ಹಿಂದಿನ ಸಾಲಿನಲ್ಲಿ ಕೋಲೂರಿ ನಿಂತಿದ್ದರು. ಯಾರೋ ಅವರ ಕಿವಿಯಲ್ಲಿ, "ಸೈರನ್ ಆಯ್ತಕ್ಕಾ, ಅದಕ್ಕೇ ಕರ್ಕೊಂಬಂದಿದ್ದು" ಎಂದು ಕೂಗುತ್ತಿದ್ದರು. ದೊಡ್ಡ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಜಾಗರೂಕತೆ ಎಂದರೇನೆಂದು ಎರಡು ಮಾತು ಹೇಳು ಎಂದರು.

ಕೈಯಲ್ಲಿ ಹಳೆಯ ರಿಜಿಸ್ಟರ್ ಇತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಜಾರಿಕೊಳ್ಳಬಹುದೇ ಎಂದು ಆಗಲೂ ಒಂದು ಆಸೆ ಬಂತು. ಸಾಹೇಬರು ಕೊಟ್ಟ ಮೈಕ್ ಪಕ್ಕಕ್ಕಿಟ್ಟೆ. ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಹೇಳಿದೆ.

"ಒಂಬತ್ತು ವರ್ಷ ಇದರಲ್ಲಿ ಸುಳ್ಳು ಬರೆದಿದ್ದೀನಿ. ಈ ಸೈರನ್ ನಿಮಗಲ್ಲ, ಕೂತ್ಕೊಳ್ಳಿ ಅಂತ ಅಕ್ಕನಿಗೆ ಹೇಳಿದ್ದು ನಾನು. ಬೆಂಕಿ ದಿನ ಒಬ್ಬರು ಕಮ್ಮಿ ಇದ್ದಾರೆ ಅಂತ ಗೊತ್ತಾದ ಮೇಲೂ ನಲವತ್ತು ಎಣಿಸೋವರೆಗೆ ಸುಮ್ಮನಿದ್ದೆ. ಅಕ್ಕನ ಕಿವಿ ನೆಟ್ಟಗಿದೆ."

ಹಿಂದಿನ ಸಾಲು ನನ್ನಿಂದ ಬಹಳ ದೂರವಿತ್ತು. ಮುಂದಿದ್ದ ಕೆಲವರೇ, ಏನಂದ ಏನಂದ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸಾಹೇಬರ ಮುಖ ಕಪ್ಪಿಟ್ಟಿತು. ಅವರು ಹಿಂದಿನ ಸಾಲಿನತ್ತ ತಿರುಗಿ, ಎರಡೂ ಕೈ ಬಾಯಿಯ ಪಕ್ಕ ಹಿಡಿದು, ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದರು.

"ಅಮ್ಮಾ, ಈತ ಹೇಳ್ತಿರೋದು ನಿಜಾನಾ?"

ಫೈಲಕ್ಕ ಕೋಲನ್ನು ಮುಂದಕ್ಕಿಟ್ಟು, ಉಸಿರು ಎಳೆದುಕೊಂಡು ಹೇಳಿದರು, "ಮೆಲ್ಲಗೆ ಕೇಳಿ ಸಾರ್. ಕೇಳಿಸುತ್ತೆ ನನಗೆ. ಅವತ್ತೂ ಕೇಳಿಸಿತ್ತು."