ಜೇನುಗೂಡಿನ ಅರಸು

ದೃಷ್ಟಾಂತವಿಲ್ಲದೆ ಮಾತನಾಡುವುದು ನನಗೆ ಬಾರದು. ಶಿವನ ಅಭಿಷೇಕಕ್ಕೆಂದು ಜೇನಿನ ಬಟ್ಟಲನ್ನು ಕೈಗೆತ್ತಿಕೊಂಡರೂ ಮನಸ್ಸು ಅದರಲ್ಲೊಂದು ರಾಜನೀತಿಯನ್ನು ಹುಡುಕುತ್ತದೆ. ನಮ್ಮ ಪ್ರಾಚೀನರು ಅರಸನನ್ನೇ ದುಂಬಿಯೆಂದರು, ಪ್ರಜೆಯನ್ನು ಹೂವೆಂದರು. ನೋಯಿಸದೆ ಕರವೆತ್ತಬೇಕೆಂಬುದು ಅದರ ತಾತ್ಪರ್ಯ. ಐರೋಪ್ಯರು ಕೆಲವು ಶತಮಾನಗಳ ಹಿಂದೆ ಅರಸನನ್ನು ಗೂಡಿನೊಳಗೇ ಕೂರಿಸಿದರು. ಜೇನುಹುಳುಗಳ ರಾಜಭಕ್ತಿಯನ್ನು ಕೊಂಡಾಡುತ್ತಲೇ, ಹುಲ್ಲಿನ ಬುಟ್ಟಿಯಲ್ಲಿ ಸಾಕಿದ ಅವೇ ಹುಳುಗಳನ್ನು ಗಂಧಕದ ಹೊಗೆಯಿಂದ ಕೊಂದು ಜೇನುತುಪ್ಪ ತೆಗೆಯುತ್ತಿದ್ದರು.

ಈ ಪಾಂಡಿತ್ಯವೆಲ್ಲ ಪ್ರಯೋಜನಕ್ಕೆ ಬಂದೀತೆಂದು ನಾನು ನಂಬಿದ್ದು ಸುರೇಬಾನದ ಬದಿಯ ನಮ್ಮೂರ ಪಂಚಾಯಿತಿಯಲ್ಲಿ. ಕಚೇರಿಯ ಗೋಡೆಯ ಬಿರುಕಿನಲ್ಲಿ, ಪೆಟ್ಟಿಗೆಯಲ್ಲೂ ಸಾಕಬಹುದಾದ ತುಡವಿ ಜೇನು ಗೂಡು ಕಟ್ಟಿತ್ತು. ಅಧ್ಯಕ್ಷೆ ಶಾಂತವ್ವ, ಆಕೆಯ ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವವರು ಪತಿ ರುದ್ರಪ್ಪನವರು. ಇದಕ್ಕೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಸಂಜೆಗೆ ಗೂಡನ್ನು ಸುಡಬೇಕೆಂದು ಅವರು ಆಜ್ಞಾಪಿಸಿದ್ದರು. ಹುಳುಗಳನ್ನು ಪೆಟ್ಟಿಗೆಗೆ ಇಳಿಸಿ ಹೊಲಕ್ಕೆ ಸಾಗಿಸಬೇಕೆಂಬುದು ಆಕೆಯ ಆಸೆ. ತನ್ನ ಮಾತು ನಡೆಯದೆಂದು ಊರ ಮಠದ ಅಜ್ಜನಾದ ನನ್ನನ್ನು ಕರೆಸಿದ್ದಳು.

ಗೂಡಿಗೊಬ್ಬ ರಾಜನಿರುತ್ತಾನೆಂದು ಅಂದಿನ ಐರೋಪ್ಯರು ನಂಬಿದ್ದರು ಎಂದು ಉಪನ್ಯಾಸ ಆರಂಭಿಸಿದೆ.

“ನೋಡ್ರಿ, ಹುಳಕ್ಕೂ ಗಂಡಸರ ಮಾತ ಬೇಕ,” ಎಂದರು ರುದ್ರಪ್ಪನವರು.

ಮುಂದೆ ಮಸೂರದ ಅಡಿಯಲ್ಲಿಟ್ಟು ನೋಡಿದಾಗ ರಾಜನ ಹೊಟ್ಟೆಯಲ್ಲಿ ಮೊಟ್ಟೆಗಳು ಕಂಡವು ಎಂದೆ.

ಬಾಗಿಲಲ್ಲಿದ್ದ ಶಾಂತವ್ವ ಸೆರಗಿನ ಮರೆಯಲ್ಲಿ ನಕ್ಕಳು. “ಹಂಗಾರ ಅಷ್ಟ ದಿನ ರಾಜಾ ಅಂತ ಕೈ ಮುಗದದ್ದು ಬಸರಿಗೇನ್ರಿ, ಅಜ್ಜಾರ?”

“ನೀ ಸುಮ್ನಿರು,” ಎಂದ ರುದ್ರಪ್ಪನವರು ನನ್ನತ್ತ ತಿರುಗಿದರು. “ಮತ್ತ ಹುಕುಂ ಆಕೀದಂತೇನ್ರಿ?”

ಹುಕುಂ ರಾಣಿಹುಳುವಿನದೂ ಅಲ್ಲ ಎನ್ನಬೇಕಾಯಿತು. ಆಕೆ ಮೊಟ್ಟೆ ಇಡುತ್ತಾಳೆ. ಎಲ್ಲಿಗೆ ಹಾರಬೇಕೆಂಬುದನ್ನು ದುಡಿಯುವ ಹುಳುಗಳೇ ಗೊತ್ತುಮಾಡುತ್ತವೆ. ಮೊದಲು ರಾಜ, ಬಳಿಕ ರಾಣಿ, ಕೊನೆಗೆ ಗಣರಾಜ್ಯ. ಪ್ರತಿಯೊಂದು ಕಾಲವೂ ಗೂಡಿನಲ್ಲಿ ತನ್ನ ಸರಕಾರವನ್ನೇ ಕಂಡಿತು. ಇಷ್ಟು ವಿವರಿಸುವಷ್ಟರಲ್ಲಿ ನನ್ನ ದೃಷ್ಟಾಂತ ಯಾವ ಪಕ್ಷಕ್ಕೂ ಉಪಯೋಗವಿಲ್ಲದಂತಾಗಿತ್ತು.

ಕಚೇರಿಯ ಸಿಪಾಯಿ ಉರಿಯುವ ಪಂಜು ಹಿಡಿದು ಬಂದ. ಶಾಂತವ್ವ ಒಳಗೆ ಬಂದು ಅವನಿಗೆ ಅಡ್ಡ ನಿಂತಳು.

“ಸುಡೂದಿಲ್ಲ. ಅಧ್ಯಕ್ಷಿ ಹೇಳಾಕತ್ತೇನಿ. ಹೊರಗ ಒಯ್ದು ಆರಿಸು.”

ಸಿಪಾಯಿ ವಾಡಿಕೆಯಂತೆ ರುದ್ರಪ್ಪನವರ ಮುಖ ನೋಡಿದ. ಅವರು ಗೋಡೆಯನ್ನು ನೋಡಿದರು, ಆಧಾರಕ್ಕೆಂದು ನನ್ನನ್ನು ನೋಡಿದರು. ನಾನಿನ್ನೂ ಗಣರಾಜ್ಯದಲ್ಲೇ ಇದ್ದೆ. ಕೊನೆಗೆ ಹೆಂಡತಿಯತ್ತ ತಿರುಗಿ, “ಪೆಟಗಿ ಎಷ್ಟ ದೊಡ್ಡದ ಬೇಕು?” ಎಂದರು.

ಆ ಕಚೇರಿಯಲ್ಲಿ ಅವರು ಆಕೆಯನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಉಪನ್ಯಾಸದ ಉತ್ತರಾರ್ಧವನ್ನು ಈಶ್ವರನಿಗೆ ಒಪ್ಪಿಸಿ ಎದ್ದೆ. ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.