ಚಿಕ್ಕತಾತ ಎದ್ದುಹೋದ ಭಾನುವಾರ

ಗೌರಿಬಿದನೂರಿನಿಂದ ಊರಿಗೆ ಹೋಗುವಾಗ, ಕುಡುಮಲಕುಂಟೆಯ ಫ್ಯಾಕ್ಟರಿಗಳನ್ನು ದಾಟಿದ ಮೇಲೆ, ಮೊನ್ನೆ ಒಂದು ಕುರಿಮಂದೆ ನಮ್ಮ ಬಸ್ಸಿಗೆ ಅಡ್ಡ ಬಂತು. ಮಿಕ್ಕವರು ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಪೂರ್ತಿ ತೆಗೆದೆ. ಉಣ್ಣೆ, ಹಿಕ್ಕೆ, ಧೂಳು ಎಲ್ಲ ಬೆರೆತ ಆ ವಾಸನೆ ನನಗೆ ತಾತನ ಮನೆಯ ಭಾನುವಾರದ ವಾಸನೆ. ರಾಗಿ ಕುಯ್ಲಾದ ಮೇಲೆ ಗೊಬ್ಬರಕ್ಕೆಂದು ತಾತ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಬೆಳಗ್ಗೆ ಗಾಳಿ ಮನೆ ಕಡೆ ಬೀಸಿದರೆ ನಮ್ಮ ಪ್ರಾರ್ಥನೆಯೆಲ್ಲ ಕುರಿ ನಾರುತ್ತಿತ್ತು.

ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಪಡಸಾಲೆಯೇ ಚರ್ಚು, ತಾತನೇ ಸಭೆಯ ಹಿರಿಯ. ಪ್ರವಾದಿ ಯೆಹೆಜ್ಕೇಲನೆಂದರೆ ಅವನಿಗೆ ಪ್ರಾಣ. ಅಂತ್ಯಕಾಲದಲ್ಲಿ ದೇವರು ಮೊದಲು ವಿಚಾರಿಸಿಕೊಳ್ಳುವುದು ಪಾಪಿಗಳನ್ನಲ್ಲ, ಮುಖಂಡರನ್ನು ಎನ್ನುತ್ತಿದ್ದ. ಮುಖಂಡರೇ ಕುರುಬರು, ಜನವೇ ಮಂದೆ. ಉಣ್ಣೆ ಹೊದ್ದು, ಹೊಟ್ಟೆ ತುಂಬಿಸಿಕೊಂಡು, ತಪ್ಪಿಸಿಕೊಂಡ ಕುರಿಯನ್ನು ಹುಡುಕದೆ ಕೂತ ಕುರುಬರ ಕೈಯಿಂದ ಮಂದೆಯನ್ನು ಕಿತ್ತುಕೊಂಡು, ದೇವರು ತಾನೇ ಒಂದೊಂದನ್ನೂ ಹುಡುಕುತ್ತಾ ಹೊರಡುತ್ತಾನೆ. ಆಮೇಲೆ ಎಲ್ಲರಿಗೂ ಒಬ್ಬನೇ ಒಳ್ಳೆಯ ಕುರುಬನನ್ನು ಕೊಡುತ್ತಾನೆ. ಇದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು. ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಹಾಡು ಎತ್ತಿಕೊಡುತ್ತಿದ್ದವನು ಅವನ ತಮ್ಮ, ನಮ್ಮ ಚಿಕ್ಕತಾತ. ನಗದೆ ಅವನಿಗೆ ಮಾತಾಡಲೇ ಬರುತ್ತಿರಲಿಲ್ಲ. ಮಕ್ಕಳಾದ ನಮಗೆ, ನಿಜ ಹೇಳಬೇಕೆಂದರೆ, ತಾತನಿಗಿಂತ ಅವನೇ ಇಷ್ಟ.

ತಾತನ ಕಣ್ಣು ಮಂಜಾದ ವರ್ಷ ಸಭೆಯವರು, ಇನ್ನು ಮೇಲೆ ತಮ್ಮನೇ ಹಿರಿಯನಾಗಲಿ ಅಂದರು. ತಾತನಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಭಾನುವಾರ ಬೇಕೆಂದೇ ಯೆಹೆಜ್ಕೇಲನ ಆ ಭಾಗವನ್ನು ಬಾಯಿಪಾಠದಿಂದ ಹೇಳಿದ. ಉಣ್ಣೆ ಹೊದ್ದ ಕುರುಬರ ಮಾತು ಬಂದಾಗ ನಿಲ್ಲಿಸಿ ತಮ್ಮನ ಕಡೆ ತಿರುಗಿದ. ಚಿಕ್ಕತಾತ ಅವತ್ತು ಹೊಸ ಉಣ್ಣೆ ಸ್ವೆಟರ್ ಹಾಕಿದ್ದ, ಮಗಳು ಹೆಣೆದುಕೊಟ್ಟದ್ದು. ಎಲ್ಲರೂ ಆ ಸ್ವೆಟರನ್ನೇ ನೋಡಿದರು. ಅಯ್ಯೋ, ಯಾಕಾದರೂ ನೋಡಿದೆವೋ! ಅವನು ಅದನ್ನು ಕಳಚಿ, ಮಡಿಸಿ, ಚಾಪೆಯ ಮೇಲಿಟ್ಟು ಎದ್ದುಹೋದ. ವಾರದೊಳಗೆ ಸಂಸಾರ ಸಮೇತ ಗೌರಿಬಿದನೂರಿನಲ್ಲಿ ಬಾಡಿಗೆ ಮನೆ ಸೇರಿದ.

ಆಮೇಲೆ ಪ್ರತಿ ಭಾನುವಾರ ತಾತ ಬಾಗಿಲ ಕಡೆ ನೋಡುತ್ತಾ, "ಇನ್ನೊಂಚೂರು ನೋಡಣ, ಬಂದ್ರೂ ಬಂದಾನು" ಎಂದು ಪ್ರಾರ್ಥನೆ ತಡಮಾಡುತ್ತಿದ್ದ. ಹಾಡು ಎತ್ತುವವರಿಲ್ಲದೆ ನಾವು ಒಬ್ಬೊಬ್ಬರು ಒಂದೊಂದು ರಾಗ ಹಿಡಿಯುತ್ತಿದ್ದೆವು. ಒಂದು ದಿನ ಅಜ್ಜಿಗೆ ತಡೆಯಲಾಗಲಿಲ್ಲ.

"ದೇವ್ರೇ ಹುಡುಕ್ಕೊಂಡು ಹೋಗ್ತಾನೆ ಅಂತ ಊರಿಗೆಲ್ಲ ಹೇಳ್ತೀರ. ನಿಮಗೇನು ಕಾಲು ಬಿದ್ದೋಗಿದ್ಯಾ?"

ಮಾರನೆಯ ದಿನ ತಾತ ನನ್ನ ಕೈ ಹಿಡಿದುಕೊಂಡು ಗೌರಿಬಿದನೂರಿನ ಬಸ್ಸು ಹತ್ತಿದ.

ಚಿಕ್ಕತಾತ ಕುರ್ಚಿ ಹಾಕಿದ, ಕಾಫಿ ಕೊಡಿಸಿದ, ಎಂದಿನಂತೆ ನನ್ನ ಜಡೆ ಎಳೆದ. ನಗಲಿಲ್ಲ ಮಾತ್ರ. "ನಂದೇ ತಪ್ಪು ಕಣೋ. ಮನೆಗೆ ಬಾರಪ್ಪ" ಅಂದ ತಾತ. "ಬರ್ತೀನಿ ಅಣ್ಣಯ್ಯ" ಅಂದ ಅವನು, ಲೋಟ ನೋಡುತ್ತಾ. ಬರಲಿಲ್ಲ. ಮಿಕ್ಕವರೂ ಒಬ್ಬೊಬ್ಬರಾಗಿ ಪೇಟೆಯ ಚರ್ಚಿಗೆ ಹೋಗತೊಡಗಿದರು. ಕೊನೆಗೆ ಪಡಸಾಲೆಯಲ್ಲಿ ಉಳಿದದ್ದು ತಾತ, ಅಜ್ಜಿ, ನಾನು. ಆದರೂ ಅವನು ಬಾಗಿಲು ನೋಡುವುದನ್ನು ಬಿಡಲಿಲ್ಲ.

ತಾತನನ್ನು ಮಣ್ಣು ಮಾಡಿದ ದಿನ ಚಿಕ್ಕತಾತ ಬಂದ. ಬಂದವರು ಅವನನ್ನೇ ನಾಲ್ಕು ಮಾತು ಹೇಳೆಂದರು. ಬೈಬಲ್ ತೆಗೆದ, ಓದಲಾಗಲಿಲ್ಲ, ಮುಚ್ಚಿದ. "ಅಣ್ಣಯ್ಯ ನನ್ನ ಹುಡುಕ್ಕೊಂಡು ಬಂದಿದ್ದ. ನಾನೇ ಹೋಗ್ಲಿಲ್ಲ" ಅಂದ. ಅಷ್ಟೇ.

ಈಗ ಅವನೂ ಇಲ್ಲ, ಅಜ್ಜಿಯೂ ಇಲ್ಲ. ಮನೆ ಕೆಡವಿದ ಜಾಗದಲ್ಲಿ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆ ಕೋಣೆಗಳಾಗಿವೆ. ಅಂಥ ಮನೆ ನಿಮಗೂ ಒಂದಿದ್ದಿರಬಹುದು. ಭಾನುವಾರ ನಾನೂ ಪೇಟೆಯ ಚರ್ಚಿಗೆ ಹೋಗುತ್ತೇನೆ. ಜನ ತುಂಬಿರುತ್ತಾರೆ, ಹಾಡು ಚೆನ್ನಾಗಿರುತ್ತದೆ, ಸರಿಯಾದ ಹೊತ್ತಿಗೆ ಶುರುವಾಗುತ್ತದೆ. ನಾನು ಬಂದಿಲ್ಲವೆಂದು ಪ್ರಾರ್ಥನೆ ತಡಮಾಡುವವರು ಅಲ್ಲಿ ಯಾರೂ ಇಲ್ಲ.